ಮುಪ್ಪಿಗೂ ಒಂದು ಕೆಲಸ ಬೇಕು



ಅಕ್ಟೋಬರ್ 1 ವಿಶ್ವ ಹಿರಿಯ ನಾಗರಿಕರ ದಿನ. ವಿಶ್ವಸಂಸ್ಥೆ 1990ರಲ್ಲಿ ನಿರ್ಣಯ ಮಾಡಿತು, 1991ರಿಂದ ಆಚರಣೆ ನಡೆದುಕೊಂಡು ಬಂದಿದೆ. ಆ ದಿನ ತಾಲ್ಲೂಕು ಕೇಂದ್ರದಲ್ಲಿ ಶಾಮಿಯಾನ ಹಾಕುತ್ತಾರೆ. ಹಳ್ಳಿಗಳಿಂದ ಕರೆತಂದ ಹಿರಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಶಾಲು ಹೊದಿಸಿ, ಹಾರ ಹಾಕಿ, ಹಣ್ಣು ಕೊಟ್ಟು, ಫೋಟೊ ತೆಗೆದು, ಊಟ ಹಾಕಿಸಿ ಊರಿಗೆ ಕಳಿಸುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಅಕ್ಟೋಬರ್ 2ರ ಬೆಳಿಗ್ಗೆ ಎದ್ದು ಆ ಅಜ್ಜ ಏನು ಮಾಡುತ್ತಾರೆ? ಯಾರ ಜೊತೆ ಮಾತಾಡುತ್ತಾರೆ? ಅವರು ಮನೆಯಿಂದ ಹೊರಗೆ ಬರದಿದ್ದರೆ ಊರಿನಲ್ಲಿ ಯಾವುದಾದರೂ ಒಂದು ಕೆಲಸ ನಿಲ್ಲುತ್ತದೆಯೇ? ಇವತ್ತಿನ ನನ್ನ ಮಾತೆಲ್ಲ ಆ ಎರಡನೇ ತಾರೀಖಿನ ಬಗ್ಗೆ.

2011ರ ಜನಗಣತಿಯ ಹೊತ್ತಿಗೆ ನಮ್ಮ ದೇಶದಲ್ಲಿ 60 ವರ್ಷ ದಾಟಿದವರು 10 ಕೋಟಿಗೂ ಹೆಚ್ಚಿದ್ದರು. ಅವರಲ್ಲಿ ನೂರಕ್ಕೆ 71 ಮಂದಿ ಇದ್ದದ್ದು ಹಳ್ಳಿಗಳಲ್ಲಿ. ದೇಶದ ಜನಸಂಖ್ಯೆಯಲ್ಲಿ ಹಿರಿಯರ ಪಾಲು ಶೇಕಡಾ 8.6 ಆಗಿದ್ದರೆ ಕರ್ನಾಟಕದಲ್ಲಿ ಅದು ಶೇಕಡಾ 9.5 ಇತ್ತು. ಆಮೇಲಿನ ಲೆಕ್ಕಕ್ಕೆ ಅಂಕಿಯೇ ಬೇಡ, ನಿಮ್ಮ ಊರಿನ ಒಂದು ಬೀದಿಯಲ್ಲಿ ನಡೆದು ಬನ್ನಿ, ಸಾಕು. ಓದಿದ ಹುಡುಗರು ಬೆಂಗಳೂರು ಸೇರಿದರು, ಓದದವರು ಗಾರ್ಮೆಂಟ್ಸು, ಗಾರೆ ಕೆಲಸ ಅಂತ ಹೊರಟರು. ಬಾಗಿಲು ತೆರೆದಿರುವ ಮನೆಗಳಲ್ಲಿ ಅರ್ಧಕ್ಕರ್ಧ ತಲೆ ನರೆತವರೇ ಕಾಣುತ್ತಾರೆ. ದೀಪಾವಳಿಗೋ ಯುಗಾದಿಗೋ ಊರು ತುಂಬುತ್ತದೆ, ಮೂರನೇ ದಿನ ಮತ್ತೆ ಬರಿದಾಗುತ್ತದೆ.

ಹಳ್ಳಿಯಲ್ಲೂ ಒಂಟಿತನವೇ ಎಂದು ಪೇಟೆಯವರು ಕೇಳುವುದುಂಟು. ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಬಾಗಿಲು ಹಾಕುವ ಪದ್ಧತಿಯೇ ಇಲ್ಲ, ಅಕ್ಕಪಕ್ಕದವರೆಲ್ಲ ನೆಂಟರು, ಇನ್ನು ಒಂಟಿತನ ಎಲ್ಲಿಂದ ಬರಬೇಕು ಎಂಬುದು ಅವರ ವಾದ. ನಾನು ಬಹಳ ಕಾಲ ಬಯಲುಸೀಮೆಯ ಹಳ್ಳಿಗಳಲ್ಲಿ ಮೇಷ್ಟರಾಗಿದ್ದವನು. ನಾನು ಕಂಡದ್ದು ಬೇರೆ. ಮನೆ ತುಂಬ ಜನರಿದ್ದು, ಮೂರು ಹೊತ್ತು ಮುದ್ದೆ ತಟ್ಟೆಗೆ ಬೀಳುತ್ತಿದ್ದು, ಆದರೂ ಬೆಳಗಿನಿಂದ ರಾತ್ರಿಯವರೆಗೆ ಯಾರೂ ಏನೂ ಕೇಳದೆ ದಿನ ಕಳೆಯುವ ಹಿರಿಯರು ಹಳ್ಳಿಯಲ್ಲಿ ಬೇಕಾದಷ್ಟಿದ್ದಾರೆ. "ಊಟ ಆಯ್ತಾ?" ಎಂದು ಕೇಳುತ್ತಾರೆ ನಿಜ. "ಆ ಮೂಡಲ ಹೊಲಕ್ಕೆ ಈ ಸಲ ಏನು ಹಾಕೋಣ?" ಎಂದು ಕೇಳುವುದಿಲ್ಲ. ನಾನು ಒಂಟಿತನ ಎನ್ನುವುದು ಎರಡನೇ ಪ್ರಶ್ನೆ ನಿಂತುಹೋದದ್ದಕ್ಕೆ.

ಹಿಂದೆ ಈ ಪ್ರಶ್ನೆ ತಾನಾಗಿ ಬರುತ್ತಿತ್ತು. ಹಳಬರು ಈಗಿನವರಿಗಿಂತ ಒಳ್ಳೆಯವರು ಎಂದಲ್ಲ. ಆಗಿನ ಕೆಲಸಗಳಿಗೆ ಮುದುಕರ ಕೈ ಬೇಕಾಗುತ್ತಿತ್ತು. ಕಣ ಕಾಯಲು ಒಬ್ಬರು ಬೇಕು. ಹಗ್ಗ ಹೊಸೆಯಲು, ಕುಕ್ಕೆ ಹೆಣೆಯಲು, ಬಿತ್ತನೆ ರಾಗಿಯನ್ನು ಆರಿಸಿ ಬೇವಿನ ಸೊಪ್ಪು, ಬೂದಿ ಬೆರೆಸಿ ವಾಡೆಗೆ ತುಂಬಲು ತಿಳಿದವರು ಬೇಕು. ಹಸು ಈಯುವಾಗ, ಬಾಣಂತಿಗೆ ಖಾರ ಅರೆಯುವಾಗ, ಮದುವೆಯಲ್ಲಿ ಯಾರಿಗೆ ಮೊದಲು ವೀಳ್ಯ ಕೊಡಬೇಕೆಂಬ ತಕರಾರು ಎದ್ದಾಗ ದೊಡ್ಡವರನ್ನು ಕರೆಯಲೇಬೇಕಿತ್ತು. ಈಗ ರಾಗಿ ತೆನೆ ರಸ್ತೆಯ ಮೇಲೆ, ಇಲ್ಲವೆ ಯಂತ್ರದ ಹೊಟ್ಟೆಯಲ್ಲಿ ಕಾಳಾಗುತ್ತದೆ. ಬೀಜ ಪ್ಯಾಕೆಟ್ಟಿನಲ್ಲಿ ಬರುತ್ತದೆ, ನೈಲಾನ್ ಹಗ್ಗ ಸಂತೆಯಲ್ಲಿ ಸಿಗುತ್ತದೆ. ಮದುವೆಯ ಕ್ರಮ ಛತ್ರದ ಗುತ್ತಿಗೆದಾರನಿಗೆ ಗೊತ್ತು. ಇದರಿಂದ ದುಡಿಯುವವರ ಬೆನ್ನು ಉಳಿಯಿತು, ಒಳ್ಳೆಯದೇ. ಅದರ ಜೊತೆಗೇ, ಯಾರೂ ಉದ್ದೇಶಪಟ್ಟು ಮಾಡದಿದ್ದರೂ, ಹಿರಿಯರ ಪಾಲಿನ ಕೆಲಸಗಳು ಒಂದೊಂದಾಗಿ ಕಳಚಿಕೊಂಡವು.

ಉಳಿದ ಒಂದೆರಡು ಕೆಲಸಗಳನ್ನು ನಾವೇ ಪ್ರೀತಿಯಿಂದ ಕಿತ್ತುಕೊಳ್ಳುತ್ತೇವೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಎಂಬತ್ತರ ಹತ್ತಿರದ ಯಜಮಾನರಿದ್ದರು. ಹಿತ್ತಲಲ್ಲಿ ಅವರೆ ಬಳ್ಳಿಗೆ ಚಪ್ಪರ ಹಾಕಲು ಗಳ ಎತ್ತಿಕೊಂಡರು. ಒಳಗಿಂದ ಸೊಸೆ ಓಡಿ ಬಂದಳು. "ಮಾವ, ನೀವ್ಯಾಕೆ ಕೈ ಹಾಕ್ತೀರ? ಬಿದ್ದುಗಿದ್ದರೆ ನಿಮ್ಮ ಮಗ ನನ್ನ ಸುಮ್ನೆ ಬಿಟ್ಟಾರಾ? ನೀವು ಟೀವಿ ನೋಡ್ತಾ ಸುಮ್ನೆ ಕೂತ್ಕಳಿ." ಆ ಹೆಣ್ಣುಮಗಳ ಮಾತಿನಲ್ಲಿ ಕಳಕಳಿ ಬಿಟ್ಟು ಬೇರೇನೂ ಇರಲಿಲ್ಲ. ಯಜಮಾನರು ಗಳ ಕೆಳಗಿಟ್ಟು ಒಳಗೆ ಹೋದರು. ಟೀವಿಯಲ್ಲಿ ಯಾವುದೋ ಧಾರಾವಾಹಿ ಬರುತ್ತಿತ್ತು. ಚಪ್ಪರವನ್ನು ಆ ವಾರ ಯಾರೂ ಹಾಕಲಿಲ್ಲ, ಬಳ್ಳಿ ನೆಲದ ಮೇಲೆ ಹರಿಯಿತು. ಸೊಸೆ ಇನ್ನೊಂದು ರೀತಿ ಹೇಳಬಹುದಿತ್ತು. "ಮಾವ, ಗಳ ನಾನು ಹಿಡಿದುಕೊಳ್ತೀನಿ, ಕಟ್ಟು ಎಲ್ಲಿ ಹಾಕಬೇಕು ಹೇಳಿ" ಅಂದಿದ್ದರೆ ಬಳ್ಳಿಯೂ ಮೇಲೇರುತ್ತಿತ್ತು, ಯಜಮಾನರ ದಿನವೂ ತುಂಬುತ್ತಿತ್ತು.

ಸುಮ್ಮನೆ ಕೂರಿಸುವುದನ್ನೇ ನಾವು ಗೌರವವೆಂದು ತಿಳಿದಿದ್ದೇವೆ. ಕೆಲಸವಿಲ್ಲದ ಗೌರವವೆಂದರೆ ಮೂಲೆಗೆ ಕೂರಿಸುವ ಮರ್ಯಾದಸ್ಥ ದಾರಿ, ಅಷ್ಟೆ. ಮನುಷ್ಯನಿಗೆ ವಿಶ್ರಾಂತಿ ಬೇಕು, ಆದರೆ ಅದು ಕೆಲಸದ ನಡುವೆ ಸಿಕ್ಕಾಗ ರುಚಿಸುತ್ತದೆ. ಬೆಳಗಿನಿಂದ ಬೈಗಿನವರೆಗೆ ವಿಶ್ರಾಂತಿಯೇ ಆದರೆ ಅದಕ್ಕೆ ಬೇರೆ ಹೆಸರು ಹುಡುಕಬೇಕಾಗುತ್ತದೆ.

ಹಾಗಾದರೆ ಹಿರಿಯರು ಲವಲವಿಕೆಯಿಂದ ಇರುವ ಜಾಗ ಹಳ್ಳಿಯಲ್ಲಿ ಈಗ ಯಾವುದೂ ಇಲ್ಲವೇ? ಇದೆ. ಬೆಳಿಗ್ಗೆ ಆರೂವರೆಗೆ ನಿಮ್ಮೂರಿನ ಹಾಲಿನ ಡೈರಿಯ ಮುಂದೆ ಹೋಗಿ ನಿಲ್ಲಿ. 1970ರ ದಶಕದಲ್ಲಿ ನಮ್ಮ ರಾಜ್ಯದಲ್ಲಿ ಹರಡತೊಡಗಿದ ಹಾಲು ಉತ್ಪಾದಕರ ಸಹಕಾರ ಸಂಘಗಳು ಈಗ ಹಳ್ಳಿ ಹಳ್ಳಿಯಲ್ಲೂ ಇವೆ. ಅವುಗಳ ಲೆಕ್ಕಪುಸ್ತಕದಲ್ಲಿ ಕಾಣುವುದು ಲೀಟರು, ಫ್ಯಾಟು, ಬಟವಾಡೆ. ಆದರೆ ಆ ಸಾಲಿನಲ್ಲಿ ನಿಂತವರನ್ನು ನೋಡಿ. ಒಂದೇ ಒಂದು ಸೀಮೆ ಹಸು ಕಟ್ಟಿಕೊಂಡ ಅಜ್ಜಿಯರು, ಸ್ಟೀಲ್ ಕ್ಯಾನನ್ನು ಸೆರಗಿನಲ್ಲಿ ಒರೆಸುತ್ತ, ಮುಂದಿದ್ದವರ ಹಾಲಿನ ಮೇಲೆ ಕಣ್ಣಿಟ್ಟು ನಿಂತಿರುತ್ತಾರೆ. ಹಾಲು ಅಳೆಯುವ ಹುಡುಗನಿಗೂ ಅವರಿಗೂ ದಿನಾ ಒಂದು ಜಟಾಪಟಿ.

"ಏನಜ್ಜಿ, ಇವತ್ತು ಅರ್ಧ ಲೀಟ್ರು ಕಮ್ಮಿ? ಮೊಮ್ಮಗನಿಗೆ ಕುಡಿಸ್ಬುಟ್ಯಾ?"

"ಕರ ಹಗ್ಗ ಬಿಚ್ಕಂಡು ಕುಡಿದ್ಬುಡ್ತು ಕಣ್ಲಾ. ಅದಿರ್ಲಿ, ನಿನ್ನೆ ಫ್ಯಾಟು ಯಾಕೆ ಅಷ್ಟು ಕಮ್ಮಿ ತೋರಿಸ್ತು? ಮೊದ್ಲು ನಿನ್ನ ಮಿಷೀನ್ ನೆಟ್ಟಗೆ ನೋಡ್ಕೊ."

ಸಾಲಿನಲ್ಲಿದ್ದವರು ನಗುತ್ತಾರೆ. ಯಾರ ಮಗಳು ಬಸುರಿ, ಯಾರ ಬೋರು ಬತ್ತಿತು, ಯಾರ ಮನೆಗೆ ಸೊಸೆ ವಾಪಸು ಬಂದಳು ಎಂಬ ಸುದ್ದಿಯೆಲ್ಲ ಕ್ಯಾನು ಖಾಲಿಯಾಗುವುದರೊಳಗೆ ಮುಗಿಯುತ್ತದೆ. ಸಂಜೆ ಮತ್ತೊಂದು ಸುತ್ತು. ಈ ಅಜ್ಜಿ ಒಂದು ಬೆಳಿಗ್ಗೆ ಬರಲಿಲ್ಲ ಎಂದುಕೊಳ್ಳಿ. ಸಂಜೆಯೊಳಗೆ ಯಾರಾದರೂ ಅವರ ಬಾಗಿಲಿಗೆ ಹೋಗಿ, "ಯಾಕಜ್ಜಿ, ಹುಷಾರಿಲ್ವ?" ಎಂದು ಕೇಳಿಯೇ ಕೇಳುತ್ತಾರೆ.

ಇದರಲ್ಲಿ ನಾವು ಗಮನಿಸಬೇಕಾದ್ದು ಮೂರು. ಒಂದು, ದಿನಕ್ಕೆ ಎರಡು ಸಲ ಮನೆಯಿಂದ ಹೊರಡಲೇಬೇಕಾದ ಕಾರಣ. ಎರಡು, ಬರದಿದ್ದರೆ ಗಮನಿಸುವ ಜನ. ಮೂರು, ತನ್ನದೇ ಖಾತೆಗೆ ಬೀಳುವ ನಾಲ್ಕು ಕಾಸು. ಡೈರಿಯನ್ನು ಯಾರೂ ವೃದ್ಧರ ಕಲ್ಯಾಣಕ್ಕೆಂದು ಕಟ್ಟಲಿಲ್ಲ. ಹಾಲಿನ ವ್ಯವಹಾರಕ್ಕೆ ಕಟ್ಟಿದ್ದು ಈ ಮೂರನ್ನೂ ಒದಗಿಸಿತು. ವೃದ್ಧರಿಗೆಂದೇ ಕಟ್ಟಿದ ಎಷ್ಟೋ ಭವನಗಳಿಗೆ ಬೀಗ ಬಿದ್ದಿದೆ, ಏಕೆಂದರೆ ಅಲ್ಲಿಗೆ ಹೋಗಲು ಕಾರಣವಿಲ್ಲ. ಕುರ್ಚಿ ಇದೆ, ಕೇರಂ ಬೋರ್ಡ್ ಇದೆ, ಉದ್ಘಾಟನೆಯ ಕಲ್ಲೂ ಇದೆ.

ಇನ್ನೊಂದು ಬದಲಾವಣೆ ನೋಡಿ. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ. ಶಕ್ತಿ ಎಂಬ ಈ ಯೋಜನೆಯ ಖರ್ಚುವೆಚ್ಚದ ಚರ್ಚೆ ಏನೇ ಇರಲಿ, ಹಳ್ಳಿಯ ಅಜ್ಜಿಯರ ದಿನಚರಿಯನ್ನು ಅದು ಬದಲಿಸಿದ್ದನ್ನು ಯಾರೂ ಅಲ್ಲಗಳೆಯಲಾರರು. ಮೊದಲು ಮಗಳ ಮನೆಗೆ ಹೋಗಬೇಕಾದರೆ ಮಗನ ಮುಂದೆ ಕೈ ಚಾಚಬೇಕಿತ್ತು. "ಈಗ್ಯಾಕವ್ವ, ಹಬ್ಬಕ್ಕೆ ಹೋದ್ರಾಯ್ತು" ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಈಗ ಆಧಾರ್ ಕಾರ್ಡನ್ನು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡರೆ ಮುಗಿಯಿತು. ತಂಗಿಯ ಊರು, ಮೊಮ್ಮಗಳ ಬಾಣಂತನ, ಅಮಾವಾಸ್ಯೆಗೆ ದೇವಸ್ಥಾನ, ಗುರುವಾರದ ಸಂತೆ, ಎಲ್ಲಕ್ಕೂ ದಾರಿ ತೆರೆಯಿತು. ಅರವತ್ತು ದಾಟಿದ ಗಂಡಸರಿಗೆ ಕೆಎಸ್ಆರ್‌ಟಿಸಿ ಬಸ್ಸಿನಲ್ಲಿ ಟಿಕೆಟ್ ದರದ ಶೇಕಡಾ 25ರಷ್ಟು ರಿಯಾಯಿತಿ ಮಾತ್ರ ಇದೆ. ಹೀಗಾಗಿ ಕೆಲವು ಮನೆಗಳಲ್ಲಿ ಅಜ್ಜಿ ಊರೂರು ಸುತ್ತಿ ಸುದ್ದಿ ತರುತ್ತಾರೆ, ಅಜ್ಜ ಜಗುಲಿಯಲ್ಲಿ ಕೂತು ಅದನ್ನು ಕೇಳುತ್ತಾರೆ. ಅರವತ್ತು ವರ್ಷ ಇದು ತಿರುಗುಮುರುಗಾಗಿತ್ತು.

ಕೈಯಲ್ಲಿ ದುಡ್ಡಿದ್ದರೆ ಏನಾಗುತ್ತದೆ ಎನ್ನುವುದಕ್ಕೂ ಒಂದು ಉದಾಹರಣೆ. ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಬರುತ್ತದೆ. 2024ರಲ್ಲಿ ಬೆಳಗಾವಿ ಜಿಲ್ಲೆಯ ಒಬ್ಬ ಅಜ್ಜಿ ಆ ಹಣ ಕೂಡಿಸಿಟ್ಟು ಊರಿನವರಿಗೆ ಹೋಳಿಗೆ ಊಟ ಹಾಕಿಸಿದ ಸುದ್ದಿಯನ್ನು ನೀವೆಲ್ಲ ಪತ್ರಿಕೆಗಳಲ್ಲಿ ಓದಿದ್ದೀರಿ. ಹಣವನ್ನು ಔಷಧಿಗೆ ಇಟ್ಟುಕೊಳ್ಳಬಾರದಿತ್ತೇ ಎಂದು ಬುದ್ಧಿವಂತರು ಕೇಳಿದರು. ಜೀವನವಿಡೀ ಬೇರೆಯವರ ಮನೆ ಪಂಕ್ತಿಯಲ್ಲಿ ಉಂಡವರಿಗೆ ಒಂದು ದಿನ ತಾನೂ ಊರಿಗೆ ಎಲೆ ಹಾಕಬೇಕೆಂಬ ಆಸೆ ಎಂಥದೆಂದು ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತೆಗೆದುಕೊಳ್ಳುವವರಾಗಿಯೇ ಉಳಿಯಲು ಯಾರಿಗೂ ಇಷ್ಟವಿಲ್ಲ. ಮುಯ್ಯಿ ತೀರಿಸುವ ತಾಕತ್ತಿರುವವರೆಗೆ ಮನುಷ್ಯ ಊರಿನೊಳಗೆ ಇರುತ್ತಾನೆ.

ಸರ್ಕಾರದಿಂದ ಬರುವ ಹಣದ ಮಾತು ಬಂದಾಗ ವೃದ್ಧರ ಪಿಂಚಣಿಯಲ್ಲಾದ ಒಂದು ಸಣ್ಣ ನಷ್ಟವನ್ನೂ ಹೇಳಬೇಕು. ಸಂಧ್ಯಾ ಸುರಕ್ಷಾ ಯೋಜನೆಯ ಹಣ ಹಿಂದೆ ಅಂಚೆಯಣ್ಣನ ಕೈಯಲ್ಲಿ ಮನೆ ಬಾಗಿಲಿಗೆ ಬರುತ್ತಿತ್ತು. ಹೆಬ್ಬೆಟ್ಟು ಒತ್ತಿಸಿಕೊಂಡು, ನೀರು ಕುಡಿದು, ಕ್ಷೇಮಸಮಾಚಾರ ಮಾತಾಡಿ ಹೋಗುತ್ತಿದ್ದ. ಕೆಲವು ಕಡೆ ಹತ್ತಿಪ್ಪತ್ತು ರೂಪಾಯಿ ಹಿಡಿದುಕೊಳ್ಳುತ್ತಿದ್ದದ್ದೂ ಉಂಟು. ಈಗ ಹಣ ನೇರ ಖಾತೆಗೆ ಬೀಳುತ್ತದೆ, ಸೋರಿಕೆ ತಪ್ಪಿತು. ಅದರ ಜೊತೆಗೆ ತಿಂಗಳಿಗೊಮ್ಮೆ ಹೆಸರು ಹಿಡಿದು ಕೂಗುತ್ತ ಬರುತ್ತಿದ್ದ ಒಬ್ಬ ಮನುಷ್ಯನೂ ತಪ್ಪಿದ. ಇನ್ನು ಪಡಿತರಕ್ಕೆ ಹೋದ, ಹೆಬ್ಬೆರಳ ಗೆರೆ ಸವೆದ ಮುದುಕರು ನ್ಯಾಯಬೆಲೆ ಅಂಗಡಿಯ ಯಂತ್ರದ ಮುಂದೆ ಬೆರಳು ಒರೆಸಿ ಒರೆಸಿ ಇಡುವುದನ್ನು ನೋಡಿದರೆ, ಜೀವನವಿಡೀ ಮಣ್ಣಿನಲ್ಲಿ ದುಡಿದದ್ದಕ್ಕೆ ಈ ಯಂತ್ರ ದಂಡ ಹಾಕುತ್ತಿದೆಯೇನೋ ಅನ್ನಿಸುತ್ತದೆ.

ಹಿರಿಯರು ಸೇರುವ ಜಾಗಗಳ ಬಗ್ಗೆ ಇಷ್ಟು ಹೇಳಿದಾಗ ಹಳೆಯ ಅರಳಿಕಟ್ಟೆಯ ನೆನಪು ನಿಮಗೆ ಬಂದಿರಬಹುದು. ಅದನ್ನು ಹೊಗಳುವಾಗ ಸ್ವಲ್ಪ ಎಚ್ಚರ ಬೇಕು. ಆ ಕಟ್ಟೆಯ ಮೇಲೆ ಕೂತವರು ಯಾರು? ಹೆಂಗಸರು ಕೂರುತ್ತಿರಲಿಲ್ಲ. ಹೊಲಗೇರಿಯ ಹಿರಿಯರು ಕಟ್ಟೆಯ ಕೆಳಗೆ ನಿಂತೇ ಮಾತು ಮುಗಿಸಬೇಕಿತ್ತು. ಗಂಡ ಸತ್ತ ಹೆಂಗಸನ್ನು ಶುಭಕಾರ್ಯದ ಚಪ್ಪರದಿಂದಲೇ ದೂರ ಇಟ್ಟ ಊರುಗಳು ಇವತ್ತಿಗೂ ಇವೆ. ಹೆಂಗಸರ ಆಯಸ್ಸು ಹೆಚ್ಚು, ಮದುವೆಯಲ್ಲಿ ಗಂಡನ ವಯಸ್ಸೂ ಹೆಚ್ಚು. ಹೀಗಾಗಿ ಮುಪ್ಪಿನಲ್ಲಿ ಒಬ್ಬಂಟಿಯಾಗಿ ಉಳಿಯುವವರಲ್ಲಿ ಹೆಂಗಸರೇ ಜಾಸ್ತಿ. ಸೋಬಾನೆ ಪದ ನೂರಾರು ಬಾಯಿಪಾಠ ಬರುವ ಅಜ್ಜಿ ಅಂಗಳದಲ್ಲಿ ಕೂತಿದ್ದರೂ, ಹಸೆಯ ಮುಂದೆ ಮೊಬೈಲಿನಿಂದ ಹಾಡು ಹಾಕುವುದನ್ನು ನಾನು ನೋಡಿದ್ದೇನೆ. ಹಳೆಯದನ್ನು ಹಾಗೇ ತರಬೇಕಿಲ್ಲ. ಎಲ್ಲರೂ ಕೂರಬಹುದಾದ ಕಟ್ಟೆಯನ್ನು ನಾವು ಹೊಸದಾಗಿ ಕಟ್ಟಬೇಕು.

ಹಾಗೆ ಮುಂದೆ ಬಂದು ಕೂತ ಅಜ್ಜಿಯರನ್ನು ನಮ್ಮ ನಾಡು ಕಂಡಿದೆ. ಅಂಕೋಲಾ ತಾಲ್ಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡ ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡು ಕಿರಿಯರಿಗೆ ಕಲಿಸಿದರು, ಜೊತೆಗೆ ತಮ್ಮ ಕಡೆಯ ಹಳ್ಳಿಗಳಲ್ಲಿ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2025ರಲ್ಲಿ ತೀರಿಕೊಂಡರು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ಅವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ, ತೊಂಬತ್ತು ದಾಟಿದ ಮೇಲೆ. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೂ ತೊಂಬತ್ತು ದಾಟಿತ್ತು. ಇವರನ್ನು ಅಪರೂಪದವರು ಎಂದು ಕೈಮುಗಿದು ಬಿಡುವುದು ಸುಲಭ. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಇವರ ಹತ್ತಿರ ಏನಿತ್ತೋ ಅದನ್ನು ಕೇಳಿಕೊಂಡು ಜನ ಮುಪ್ಪಿನಲ್ಲೂ ಬಂದರು. ಹೆರಿಗೆ ನೋವು ಬಂದ ಮನೆಯವರು ಬಂದರು, ಹಾಡು ಕಲಿಯುವವರು ಬಂದರು, ಆಟ ಆಡಿಸಿ ಎನ್ನುವವರು ಬಂದರು. ಪ್ರತಿ ಊರಿನಲ್ಲೂ ಇಂಥ ನಾಲ್ಕಾರು ಮಂದಿ ಇರುತ್ತಾರೆ. ಅವರ ಮನೆ ಮೆಟ್ಟಿಲು ಹತ್ತುವವರು ಇಲ್ಲ, ಅಷ್ಟೆ.

ಇನ್ನು ದೇಹದ ಮಾತು. ಎಷ್ಟೋ ಹಿರಿಯರು ಮನೆಯೊಳಗೆ ಸೇರಿಕೊಳ್ಳುವುದು ಮನಸ್ಸಿನಿಂದಲ್ಲ, ಕಿವಿಯಿಂದ. ಕಿವಿ ಮಂದವಾದವರನ್ನು ಊರು ಬೇಗ ಬಿಟ್ಟುಬಿಡುತ್ತದೆ. "ಮಳೆ ಬಂತಾ ಆ ಕಡೆ?" ಅಂದರೆ, "ಹ್ಞಾ, ಮೊಳೆ ತಂದಿಟ್ಟವ್ನೆ" ಅನ್ನುತ್ತಾರೆ. ಹೋಟೆಲಿನಲ್ಲಿ ಕೂತವರು ನಗುತ್ತಾರೆ. ಇಂಥದು ನಾಲ್ಕು ಸಲ ಆದ ಮೇಲೆ ಆ ಮನುಷ್ಯ ಹೋಟೆಲಿಗೆ ಬರುವುದನ್ನೇ ನಿಲ್ಲಿಸುತ್ತಾನೆ. ಮುದುಕನಿಗೆ ಮರೆವು, ಸಿಡುಕು ಎಂದು ಮನೆಯವರು ಹೇಳತೊಡಗುತ್ತಾರೆ. ಇದು ಬರೀ ನಗುವ ವಿಷಯವಲ್ಲ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಮರೆಗುಳಿತನಕ್ಕೆ ದಾರಿ ಮಾಡುವ, ಆದರೆ ನಾವು ಸರಿಪಡಿಸಿಕೊಳ್ಳಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಕಿವಿ ಕೇಳದಿರುವುದು, ಕಣ್ಣಿನ ತೊಂದರೆಗೆ ಚಿಕಿತ್ಸೆ ಮಾಡಿಸದಿರುವುದು, ಜನಸಂಪರ್ಕ ಇಲ್ಲದಿರುವುದು, ಈ ಮೂರೂ ಆ ಪಟ್ಟಿಯಲ್ಲಿವೆ. ಮೂರೂ ಒಂದರ ಕೈ ಒಂದು ಹಿಡಿದು ಬರುತ್ತವೆ. ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲೇ ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಸಂಸ್ಥೆ, 45 ದಾಟಿದ 10,000 ಮಂದಿಯ ಗುರಿಯಿಟ್ಟುಕೊಂಡು, ವಯಸ್ಸಾದಂತೆ ಮೆದುಳು ಹೇಗೆ ಬದಲಾಗುತ್ತದೆಂದು ವರ್ಷ ವರ್ಷವೂ ನೋಡುತ್ತಿದೆ. ಹಳ್ಳಿಯ ಮುಪ್ಪನ್ನು ಹಳ್ಳಿಯಲ್ಲೇ ಹೋಗಿ ಅಳೆಯಬೇಕೆಂಬ ಅರಿವು ವಿಜ್ಞಾನಿಗಳಿಗೆ ಬಂದಿದೆ. ಮನೆಯವರಾದ ನಾವು ಮಾಡಬೇಕಾದ್ದು ಅಷ್ಟು ದೊಡ್ಡದೇನಲ್ಲ. ಕಿವಿ ತೋರಿಸುವುದು, ಪೊರೆ ಬಂದಿದ್ದರೆ ಶಿಬಿರಕ್ಕೆ ಕರೆದುಕೊಂಡು ಹೋಗುವುದು, ಮಾತಾಡುವಾಗ ಎದುರಿಗೆ ಕೂತು ನಿಧಾನವಾಗಿ ಮಾತಾಡುವುದು.

ಇನ್ನೊಂದು ಸಂಗತಿಯನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ವಯಸ್ಸಾದವರಿಗೆ ಆಗಾಗ ಮೂತ್ರಕ್ಕೆ ಹೋಗಬೇಕಾಗುತ್ತದೆ. ಮದುವೆ ಮನೆಯಲ್ಲಿ, ಗ್ರಾಮಸಭೆಯಲ್ಲಿ, ಸಂತೆಯಲ್ಲಿ ಹತ್ತಿರ ಶೌಚಾಲಯವಿಲ್ಲ ಎಂದು ಗೊತ್ತಾದರೆ ಅವರು, ಅದರಲ್ಲೂ ಹೆಂಗಸರು, ಹೊರಡುವುದೇ ಇಲ್ಲ. "ಮಂಡಿನೋವು ಕಣಪ್ಪ, ನೀವು ಹೋಗ್ಬನ್ನಿ" ಎಂದುಬಿಡುತ್ತಾರೆ. ದೇವಸ್ಥಾನದ ಮೆಟ್ಟಿಲಿಗೆ ಒಂದು ಹಿಡಿಕಂಬಿ, ಬೀದಿಯಲ್ಲಿ ಒಂದು ದೀಪ, ಸಮುದಾಯ ಭವನದಲ್ಲಿ ಬೀಗ ಹಾಕದ ಒಂದು ಶೌಚಾಲಯ, ಒರಗಿಕೊಳ್ಳಲು ಬರುವಂಥ ಒಂದು ಕಲ್ಲುಬೆಂಚು. ಹಿರಿಯರು ಹೊರಗೆ ಬರಬೇಕೆಂದು ಭಾಷಣ ಮಾಡುವುದಕ್ಕಿಂತ ಈ ನಾಲ್ಕನ್ನು ಮಾಡಿಸಿದರೆ ಅವರಾಗಿಯೇ ಬರುತ್ತಾರೆ.

ಪಂಚಾಯಿತಿಯವರು ಕೇಳುತ್ತಿದ್ದರೆ ಅವರಿಗೆ ಎರಡು ಮಾತು. ಹಳ್ಳಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಈಗ ಅರಿವು ಕೇಂದ್ರ ಎಂಬ ಹೆಸರಿನಲ್ಲಿ ಸುಣ್ಣಬಣ್ಣ ಕಂಡು ಚೆನ್ನಾಗಿವೆ. ಅಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಒಬ್ಬರು ಪತ್ರಿಕೆಯನ್ನು ಗಟ್ಟಿಯಾಗಿ ಓದಲಿ, ಓದು ಬಾರದವರು, ಕಣ್ಣು ಕಾಣದವರು ಕೂತು ಕೇಳಲಿ, ಜಗಳವಾಡಲಿ. ಶನಿವಾರ ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲಿಗೆ ಬರಲಿ. ಊರಿನ ಕೆರೆ ತುಂಬಿ ಕೋಡಿ ಬಿದ್ದದ್ದು ಯಾವಾಗ, ಮೊದಲ ಬಸ್ಸು ಬಂದದ್ದು ಯಾವಾಗ, ಪ್ರತಿ ಹೊಲಕ್ಕೆ ಇರುವ ಹೆಸರು ಯಾಕೆ ಬಂತು ಎಂದು ಹಿರಿಯರನ್ನು ಕೇಳಿ ಬರೆದುಕೊಳ್ಳಲಿ. ಶಾಲೆಯ ಕೈತೋಟಕ್ಕೆ ಒಬ್ಬ ಅಜ್ಜನನ್ನು ಕರೆಯಿರಿ. ಅಂಗನವಾಡಿಗೆ ಕಥೆ ಹೇಳಲು ಒಬ್ಬ ಅಜ್ಜಿಯನ್ನು ಕರೆಯಿರಿ. ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿ ನಮ್ಮ ರಾಜ್ಯದಲ್ಲಿ ಚೆನ್ನಾಗಿ ಬೇರೂರಿದೆ. ಹಿರಿಯರ ಮಾತು ಕೇಳಲೆಂದೇ ವರ್ಷಕ್ಕೊಂದು ದಿನ ನೆರಳಿರುವ ಕಡೆ, ಮೈಕು ಇಟ್ಟು, ಬಸ್ಸಿನ ಹೊತ್ತು ನೋಡಿ ಗ್ರಾಮಸಭೆ ಸೇರಿಸುವುದು ಕಷ್ಟವೇ? ಇದಕ್ಕೆಲ್ಲ ಹೊಸ ಅನುದಾನ ಬೇಡ. ಕರೆಯುವ ಮನಸ್ಸು ಬೇಕು, ಮತ್ತು ಕರೆದ ಮೇಲೆ ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು.

ಪೇಟೆಯಲ್ಲಿರುವ ಮಕ್ಕಳಿಗೂ ಒಂದು ಮಾತು. ಅಪ್ಪನೋ ಅಮ್ಮನೋ ಒಬ್ಬರೇ ಉಳಿದಾಗ ಬೆಂಗಳೂರಿಗೆ ಕರೆದುಕೊಂಡು ಹೋಗಲು ನೀವು ಹಾತೊರೆಯುತ್ತೀರಿ. ಮೂರನೇ ಮಹಡಿಯ ಮನೆಯಲ್ಲಿ ನೀವು ಬೆಳಿಗ್ಗೆ ಎಂಟಕ್ಕೆ ಹೊರಟರೆ ರಾತ್ರಿ ಎಂಟಕ್ಕೆ ಬರುತ್ತೀರಿ. ಅವರು ಅಲ್ಲಿ ಮನೆ ಕಾಯುತ್ತಾರೆ. ಕಾಯಿಲೆ ಬಿದ್ದವರಿಗೆ, ನೋಡಿಕೊಳ್ಳುವವರೇ ಇಲ್ಲದವರಿಗೆ ಬೇರೆ ದಾರಿಯಿಲ್ಲ, ಒಪ್ಪುತ್ತೇನೆ. ನಡೆದಾಡುವ ಶಕ್ತಿ ಇರುವವರನ್ನು ಅವರ ಬೀದಿಯಿಂದ ಕೀಳುವ ಮುಂಚೆ ಒಮ್ಮೆ ಯೋಚಿಸಿ. ಅವರ ಕಾಲಿಗೆ ಆ ಊರಿನ ಪ್ರತಿ ಹಳ್ಳದಿಣ್ಣೆಯೂ ಗೊತ್ತು. ಅಲ್ಲೇ ಇರಲಿ ಎಂದಾದರೆ ವಾರಕ್ಕೊಂದು ದಿನ, ಹೇಳಿದ ಹೊತ್ತಿಗೆ ಫೋನು ಮಾಡಿ. ಮಾಡಿದಾಗ ಮಾತ್ರೆ ತೆಗೆದುಕೊಂಡಿರಾ ಎಂದಷ್ಟೇ ಕೇಳಿ ಇಟ್ಟುಬಿಡಬೇಡಿ. ಹುಣಸೆಕಾಯಿ ಎಷ್ಟು ಬಿಟ್ಟಿದೆ, ಪಕ್ಕದ ಮನೆಯ ವ್ಯಾಜ್ಯ ಏನಾಯಿತು, ಮಗಳಿಗೆ ಬಂದಿರುವ ಸಂಬಂಧದ ಬಗ್ಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳಿ.

ಕೊನೆಯದಾಗಿ ನನ್ನ ಓರಗೆಯವರಿಗೆ, ಅಂದರೆ ಹಿರಿಯರಿಗೇ. ಮೊದಲನೆಯದು ಆಸ್ತಿಯ ವಿಚಾರ. ಮಕ್ಕಳ ಮೇಲಿನ ಮಮತೆಗೆ ಎಲ್ಲವನ್ನೂ ಬರೆದುಕೊಟ್ಟು ಬರಿಗೈಯಾದ ದಿನದಿಂದ ಮನೆಯಲ್ಲಿ ನಮ್ಮ ಅಭಿಪ್ರಾಯ ಕೇಳುವುದು ನಿಂತ ಉದಾಹರಣೆಗಳು ಊರಿಗೆ ಹತ್ತಿವೆ. ತಂದೆ ತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರಲ್ಲೇ ಬಂದಿದೆ. ದಾನಪತ್ರ ಮಾಡಿಕೊಡುವಾಗ, ಕೊನೆಯವರೆಗೆ ನೋಡಿಕೊಳ್ಳಬೇಕೆಂಬ ಷರತ್ತನ್ನು ಅದರಲ್ಲೇ ಬರೆಸಿ. ಷರತ್ತು ತಪ್ಪಿದರೆ ಆ ಪತ್ರವನ್ನು ರದ್ದು ಮಾಡಿಸಲು ಈ ಕಾಯ್ದೆಯ 23ನೇ ಕಲಂ ಅವಕಾಶ ಕೊಡುತ್ತದೆ. ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ಮುಂದೆ ಹಾಕಬೇಕು. ಕಷ್ಟದಲ್ಲಿದ್ದರೆ, ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ, 14567 ಎಂಬ ಹಿರಿಯರ ಸಹಾಯವಾಣಿಗೆ ಫೋನು ಮಾಡಿ. ಬರೆದುಕೊಳ್ಳಿ: ಒಂದು, ನಾಲ್ಕು, ಐದು, ಆರು, ಏಳು.

ಎರಡನೆಯದು ನಮ್ಮ ಸ್ವಭಾವ. ವಾರಿಗೆಯವರು ಒಬ್ಬೊಬ್ಬರಾಗಿ ಹೋಗುತ್ತಿರುತ್ತಾರೆ. ಹೊಸ ಗೆಳೆಯರನ್ನು ಮಾಡಿಕೊಳ್ಳದಿದ್ದರೆ ಎಂಬತ್ತಕ್ಕೆ ಮಾತಾಡಲು ಯಾರೂ ಉಳಿದಿರುವುದಿಲ್ಲ. ನಮಗಿಂತ ಇಪ್ಪತ್ತು ಮೂವತ್ತು ವರ್ಷ ಚಿಕ್ಕವರ ಜೊತೆ ಸೇರಬೇಕಾದರೆ "ನಮ್ಮ ಕಾಲದಲ್ಲಿ" ಎಂದು ಶುರುವಾಗುವ ಮಾತನ್ನು ಅವರು ಕೇಳಿದಾಗ ಮಾತ್ರ ಆಡಬೇಕು. ಬದು ಜಗಳದಿಂದ ಮಾತು ಬಿಟ್ಟ ದಾಯಾದಿ ಇದ್ದರೆ ಹೋಗಿ ಮಾತಾಡಿಸಿ, ಇಬ್ಬರಿಗೂ ಇನ್ನು ಉಳಿದಿರುವ ಹೊತ್ತು ಕಡಿಮೆ. ದೇವಸ್ಥಾನದ ಕಮಿಟಿಯಲ್ಲಿ, ಸೊಸೈಟಿಯಲ್ಲಿ ಇಪ್ಪತ್ತು ವರ್ಷದಿಂದ ಕುರ್ಚಿ ಹಿಡಿದು ಕೂತಿದ್ದರೆ ಬಿಟ್ಟುಕೊಡಿ. ಊರಿಗೆ ಬೇಕಾಗುವುದು ಬೇರೆ, ಊರನ್ನು ಹಿಡಿದುಕೊಳ್ಳುವುದು ಬೇರೆ. ಫೋನಿನಲ್ಲಿ ಮೊಮ್ಮಗಳಿಗೆ ದನಿ ಕಳಿಸುವುದನ್ನು ಮೊಮ್ಮಗಳಿಂದಲೇ ಕಲಿಯಿರಿ. ತಮ್ಮ ಹತ್ತಿರ ಕಲಿಯುವ ಹಿರಿಯರನ್ನು ಕಂಡರೆ ಮಕ್ಕಳಿಗೆ ಬಲು ಇಷ್ಟ.

ಕಿರಿಯ ಕೇಳುಗರೇ, ನಿಮ್ಮ ಮನೆಯ ಅಥವಾ ಬೀದಿಯ ಒಬ್ಬ ಹಿರಿಯರ ಹತ್ತಿರ ಹೋಗಿ, ಅವರಿಗೆ ಚೆನ್ನಾಗಿ ಬರುವ, ನಿಮಗೆ ಬಾರದ ಒಂದು ಕೆಲಸ ಹೇಳಿಕೊಡಿ ಎಂದು ಕೇಳಿ. ಉಪ್ಪಿನಕಾಯಿ ಇರಲಿ, ಕರುವಿನ ಹುಳು ತೆಗೆಯುವುದಿರಲಿ, ಭಜನೆಯ ತಾಳ ಇರಲಿ. ಒಂದು ಸಲ ಕೇಳಿ ಬಿಟ್ಟರೆ ಅದು ಉಪಚಾರ. ವಾರ ವಾರವೂ ಹೋಗಿ. ಒಂದು ವಾರ ನೀವು ಹೋಗದಿದ್ದರೆ ಅವರು ಕೇಳುವಂತಾಗಲಿ, ಅವರು ಕಾಣದಿದ್ದರೆ ನೀವು ಕೇಳುವಂತಾಗಲಿ. ಕಲಿಯುವಾಗ ತಪ್ಪು ಮಾಡುತ್ತೀರಿ, ಆಗ ಅವರು ಬೈಯುತ್ತಾರೆ. ಬೈಯಲಿ ಬಿಡಿ. ಬೈಯುವುದಕ್ಕೂ ಊರಿನ ಕೆಲಸದಲ್ಲಿ ಒಂದು ಪಾಲು ಇರಬೇಕು, ಮತ್ತು ಆ ಪಾಲು ಅವರ ಕೈ ತಪ್ಪದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ.